ಲೈಬ್ರರಿ ಸಿಗಲಿಲ್ವಾ? ಬಾಯಿಬಿಟ್ಟು ಹೇಳಿ!

ಒಂದೇ ಪ್ರೋಗ್ರಾಂ. ಒಂದೇ ಫಾಂಟು. ಒಂದೇ ಕನ್ನಡ ಸಾಲು. ಒಂದು ಕಂಪ್ಯೂಟರಿನಲ್ಲಿ ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಬರುತ್ತವೆ. ಇನ್ನೊಂದರಲ್ಲಿ ಒತ್ತಕ್ಷರ ಒಂದು ಕಡೆ, ಗುಣಿತದ ಚಿಹ್ನೆ ಇನ್ನೊಂದು ಕಡೆ, ಅರ್ಕಾವೊತ್ತು ನಾಪತ್ತೆ. ಇಂಥದ್ದು ಕಂಡಾಗ ನಾವು ಮೊದಲು ಬಯ್ಯೋದು ಫಾಂಟನ್ನ. ಆಮೇಲೆ ಯುನಿಕೋಡನ್ನ. ಕೊನೆಗೆ "ಕಂಪ್ಯೂಟರಿಗೂ ಕನ್ನಡಕ್ಕೂ ಆಗಿ ಬರಲ್ಲ ಬಿಡ್ರೀ" ಅಂತ ಹಣೆ ಚಚ್ಚಿಕೊಳ್ತೀವಿ.

ಎಷ್ಟೋ ಸಲ ತಪ್ಪು ಇವರ್ಯಾರದ್ದೂ ಅಲ್ಲ. ಪ್ರೋಗ್ರಾಂ ಓಡುತ್ತಾ ಇರುವಾಗ ಒಂದು ಲೈಬ್ರರಿಯನ್ನು ಹುಡುಕಿದೆ, ಅದು ಸಿಕ್ಕಿಲ್ಲ, ಸಿಗಲಿಲ್ಲ ಅನ್ನೋದನ್ನ ಯಾರಿಗೂ ಹೇಳದೆ ಹೇಗೋ ಕೆಲಸ ಮುಗಿಸಿದೆ. ಅಷ್ಟೇ. ಲೈಬ್ರರಿ ಸಿಗದೇ ಇರೋದು ದೊಡ್ಡ ಅಪರಾಧ ಅಲ್ಲ. ಸುಮ್ಮನಿರೋದು ಅಪರಾಧ. ಆ ಮೌನದ ಬೆಲೆ ತೆರೋರು ಇಂಗ್ಲಿಷಿನವರಲ್ಲ, ನಾವು. ಈ ಬರಹದಲ್ಲಿ ನಾನು ಹೇಳಬೇಕಾಗಿರೋದು ಇಷ್ಟೇ. ಉಳಿದದ್ದೆಲ್ಲ ಯಾಕೆ ಅನ್ನೋದರ ವಿವರಣೆ :-)

ಪ್ರೋಗ್ರಾಮಿಂಗ್ ಗೊತ್ತಿಲ್ಲದ ಬ್ಲಾಗಿಗ ಮಿತ್ರರೂ ಇದ್ದೀರಿ, ಹಾಗಾಗಿ ಮೊದಲಿಂದ ಶುರು ಮಾಡೋಣ.

ಊರ ದೇವಸ್ಥಾನದಲ್ಲಿ ದೊಡ್ಡ ದೊಡ್ಡ ಕೊಪ್ಪರಿಗೆ, ಹಂಡೆ, ಸೌಟುಗಳು ಇರುತ್ತವಲ್ಲ? ಪ್ರತಿ ಮನೆಯವರೂ ಸಾವಿರ ಜನರಿಗೆ ಅಡುಗೆ ಮಾಡೋ ಪಾತ್ರೆ ಇಟ್ಟುಕೊಳ್ಳಲ್ಲ. ಮದುವೆ, ಮುಂಜಿ ಬಂದಾಗ ದೇವಸ್ಥಾನದಿಂದ ತರಿಸ್ತಾರೆ, ಮುಗಿದ ಮೇಲೆ ತೊಳೆದು ವಾಪಸ್ ಕೊಡ್ತಾರೆ. ಶೇರ್ಡ್ ಲೈಬ್ರರಿ ಅಂದರೆ ಇದೇ. ಅಕ್ಷರ ಬಿಡಿಸೋದು, ಚಿತ್ರ ಕುಗ್ಗಿಸೋದು, ಗೂಢಲಿಪಿ ಬಿಡಿಸೋದು ಇಂಥ ಕೆಲಸದ ಕೋಡು ಒಂದೇ ಕಡೆ ಇರುತ್ತೆ, ಹತ್ತಾರು ಪ್ರೋಗ್ರಾಂಗಳು ಹಂಚಿಕೊಂಡು ಬಳಸುತ್ತವೆ. ವಿಂಡೋಸಿನಲ್ಲಿ ಇದಕ್ಕೆ ಡಿಎಲ್‌ಎಲ್ ಅಂತ ಹೆಸರು, ಲಿನಕ್ಸಿನಲ್ಲಿ ಎಸ್‌ಓ, ಮ್ಯಾಕಿನಲ್ಲಿ ಡೈಲಿಬ್.

ತರಿಸೋದರಲ್ಲಿ ಎರಡು ಬಗೆ. ಮೊದಲನೆಯದು, ಬೇಕಾದ ಪಾತ್ರೆಗಳ ಪಟ್ಟಿಯನ್ನ ಮುಂಚೆಯೇ ಬರೆದಿಡೋದು. ಪ್ರೋಗ್ರಾಂ ಶುರುವಾಗುವಾಗಲೇ ಆಪರೇಟಿಂಗ್ ಸಿಸ್ಟಂ ಆ ಪಟ್ಟಿ ನೋಡಿ ಎಲ್ಲ ತಂದಿಡುತ್ತೆ. ಒಂದು ಇಲ್ಲದಿದ್ದರೂ ಪ್ರೋಗ್ರಾಂ ಏಳೋದೇ ಇಲ್ಲ, "ಇಂಥ ಡಿಎಲ್‌ಎಲ್ ಇಲ್ಲ" ಅಂತ ದಢಾರ್ ಅಂತ ಹೇಳಿಬಿಡುತ್ತೆ. ಎರಡನೆಯದು, ಪಟ್ಟಿಯಲ್ಲಿ ಬರೆಯದೆ, ಅಡುಗೆ ನಡೀತಾ ಇರುವಾಗ ಭಟ್ಟರು ಒಬ್ಬ ಹುಡುಗನನ್ನ ಓಡಿಸಿ "ಹೋಗೋ, ಕೊಪ್ಪರಿಗೆ ಇದೆಯಾ ನೋಡ್ಕೊಂಡು ಬಾ" ಅನ್ನೋದು. ಇದು ರನ್‌ಟೈಮ್ ಲೋಡಿಂಗ್. ಲಿನಕ್ಸ್ ಮತ್ತು ಮ್ಯಾಕಿನಲ್ಲಿ ಇದಕ್ಕೆ ಡಿಎಲ್‌ಓಪನ್ ಅನ್ನೋ ಫಂಕ್ಷನ್ನು, ವಿಂಡೋಸಿನಲ್ಲಿ ಲೋಡ್‌ಲೈಬ್ರರಿ. ಲೈಬ್ರರಿ ಸಿಕ್ಕ ಮೇಲೆ ಅದರೊಳಗಿನ ಫಂಕ್ಷನ್ನಿನ ವಿಳಾಸ ಕೇಳೋದಕ್ಕೆ ಅಲ್ಲಿ ಡಿಎಲ್‌ಸಿಮ್, ಇಲ್ಲಿ ಗೆಟ್‌ಪ್ರೊಕ್‌ಅಡ್ರೆಸ್.

ಎರಡನೆಯ ಬಗೆ ಒಳ್ಳೇದೇ, ಅದನ್ನ ಬಯ್ಯೋಕೆ ನಾನು ಕೂತಿಲ್ಲ. ಬ್ರೌಸರಿನಿಂದ ಹಿಡಿದು ಫೋಟೋ ತಿದ್ದೋ ತಂತ್ರಾಂಶದ ತನಕ ಪ್ಲಗಿನ್ ಅನ್ನೋದು ನಡೆಯೋದೇ ಇದರಿಂದ. ಬೇಕಾದಾಗ ಮಾತ್ರ ತಂದುಕೊಂಡರೆ ಪ್ರೋಗ್ರಾಂ ಬೇಗ ಏಳುತ್ತೆ, ಇಲ್ಲದಿದ್ದರೂ ಮಿಕ್ಕ ಕೆಲಸ ನಡೆಯುತ್ತೆ.

ಎಡವಟ್ಟು ಇರೋದು ಮುಂದಿನ ಹೆಜ್ಜೆಯಲ್ಲಿ. ಹುಡುಗ ವಾಪಸ್ ಬಂದು "ಕೊಪ್ಪರಿಗೆ ಇಲ್ಲ" ಅಂದಾಗ ಭಟ್ಟರು ಏನು ಮಾಡಬೇಕು? ಯಜಮಾನರನ್ನ ಕರೆದು ಹೇಳಬೇಕು. ಅದು ಬಿಟ್ಟು ಮನೆಯ ಸಣ್ಣ ಪಾತ್ರೆಯಲ್ಲೇ ಸಾರು ಮಾಡಿ ಸುಮ್ಮನೆ ಬಡಿಸೋಕೆ ಶುರು ಮಾಡಿದರೆ? ಮೊದಲ ಪಂಕ್ತಿಯವರು "ಏನ್ ಸಾರು ಸ್ವಾಮೀ!" ಅಂತ ಹೊಗಳ್ತಾರೆ. ಮೂರನೇ ಪಂಕ್ತಿಯವರಿಗೆ ಸಾರೇ ಇಲ್ಲ. ಕಂಪ್ಯೂಟರಿನ ಊಟದಲ್ಲಿ ಮೊದಲ ಪಂಕ್ತಿ ಇಂಗ್ಲಿಷಿಗೆ, ಮೂರನೇ ಪಂಕ್ತಿ ನಮಗೆ.

ಸುಮ್ಮನೆ ಹೇಳ್ತಿಲ್ಲ, ಒಂದು ಖರೇ ಉದಾಹರಣೆ ಕೊಡ್ತೀನಿ.

ಪೈಥಾನ್ ಭಾಷೆಯಲ್ಲಿ ಚಿತ್ರದ ಮೇಲೆ ಅಕ್ಷರ ಬರೆಯೋಕೆ ತುಂಬಾ ಜನ ಬಳಸೋದು ಪಿಲ್ಲೋ ಅನ್ನೋ ಪ್ಯಾಕೇಜು. ಹಬ್ಬದ ಶುಭಾಶಯ ಪತ್ರ, ಕಾರ್ಯಕ್ರಮದ ಪೋಸ್ಟರು, ಪ್ರಮಾಣಪತ್ರ ಇವನ್ನೆಲ್ಲ ನೂರಾರು ಲೆಕ್ಕದಲ್ಲಿ ತಯಾರಿಸೋಕೆ ಇದಕ್ಕಿಂತ ಸುಲಭದ ದಾರಿ ಕಮ್ಮಿ. ಇದರಲ್ಲಿ ಅಕ್ಷರ ಜೋಡಿಸೋಕೆ ಎರಡು ವಿಧಾನ ಇವೆ. ಒಂದು ಬೇಸಿಕ್. ಒಂದು ಸಂಕೇತಕ್ಕೆ ಒಂದು ಆಕಾರ, ಎಡದಿಂದ ಬಲಕ್ಕೆ ಸಾಲಾಗಿ ಇಡ್ತಾ ಹೋಗೋದು. ಇನ್ನೊಂದು ರಕ್ಮ್ ಅನ್ನೋ ಲೈಬ್ರರಿಯ ಮೂಲಕ. ರಕ್ಮ್ ಒಳಗೆ ಹಾರ್ಫ್‌ಬಜ್ ಕೆಲಸ ಮಾಡುತ್ತೆ. ಫಾಂಟಿನೊಳಗಿನ ನಿಯಮಗಳನ್ನ ಓದಿ ಒತ್ತಕ್ಷರ, ಗುಣಿತ ಎಲ್ಲವನ್ನೂ ಸರಿಯಾಗಿ ಕೂರಿಸೋದು ಹಾರ್ಫ್‌ಬಜ್‌ನ ಕೆಲಸ.

ಕನ್ನಡಕ್ಕೆ ಎರಡನೆಯದು ಇಲ್ಲದೆ ಆಗೋದೇ ಇಲ್ಲ. "ಸ್ವಾತಂತ್ರ್ಯ" ಅನ್ನೋ ಪದ ತಗೊಳ್ಳಿ. ಕಣ್ಣಿಗೆ ಕಾಣೋದು ಮೂರು ಅಕ್ಷರ: ಸ್ವಾ, ತಂ, ತ್ರ್ಯ. ಯುನಿಕೋಡಿನಲ್ಲಿ ಅದು 11 ಸಂಕೇತಗಳ ಸಾಲು. ಈ 11ನ್ನು ಆ 3 ಮಾಡೋದೇ ಅಸಲಿ ಕಸುಬು. ಬೇಸಿಕ್ ವಿಧಾನಕ್ಕೆ ಆ ಕಸುಬು ಗೊತ್ತಿಲ್ಲ, 11ನ್ನೂ ಪಕ್ಕಪಕ್ಕದಲ್ಲಿ ಚೆಲ್ಲಿಬಿಡುತ್ತೆ. ಇಂಗ್ಲಿಷಿಗೆ ಅದು ಸಾಕು, ಕನ್ನಡ ಅದರಲ್ಲಿ ಕನ್ನಡವಾಗಿ ಉಳಿಯಲ್ಲ.

ಈಗ ಕೇಳಿ ತಮಾಷೆ. ರಕ್ಮ್‌ಗೆ ಫ್ರಿಬಿಡಿ ಅನ್ನೋ ಇನ್ನೊಂದು ಲೈಬ್ರರಿ ಬೇಕು. ಫ್ರಿಬಿಡಿಯ ಕೆಲಸ ಏನು ಗೊತ್ತೇ? ಅರಬ್ಬಿ, ಹೀಬ್ರೂ ಥರ ಬಲದಿಂದ ಎಡಕ್ಕೆ ಬರೆಯೋ ಲಿಪಿಗಳು ಎಡದಿಂದ ಬಲಕ್ಕೆ ಬರೆಯೋ ಲಿಪಿಗಳ ಜೊತೆ ಬಂದಾಗ ದಿಕ್ಕು ನಿರ್ಧರಿಸೋದು. ಅದರ ಲೈಸೆನ್ಸು ಎಲ್‌ಜಿಪಿಎಲ್. ಅಂಥ ಲೈಬ್ರರಿಯನ್ನ ಪ್ಯಾಕೇಜಿನೊಳಗೇ ಬೆಸೆದುಬಿಡೋಕೆ ಹಿಂಜರಿದು ಪ್ರತ್ಯೇಕವಾಗಿ ಬಿಡೋದು ತಂತ್ರಾಂಶ ಲೋಕದಲ್ಲಿ ಮಾಮೂಲು. 2021ರಲ್ಲಿ ಬಂದ ಪಿಲ್ಲೋ 8.2 ಆವೃತ್ತಿಯಲ್ಲಿ ರಕ್ಮ್ ಅನ್ನು ಜೊತೆಗೇ ಕೊಟ್ಟರು, ಫ್ರಿಬಿಡಿಯನ್ನು ಮಾತ್ರ ರನ್‌ಟೈಮಿನಲ್ಲಿ ಹುಡುಕೋ ವ್ಯವಸ್ಥೆ ಮಾಡಿದರು. ಸಿಕ್ಕರೆ ರಕ್ಮ್ ನಡೆಯುತ್ತೆ. ಸಿಗದಿದ್ದರೆ ಇಡೀ ರಕ್ಮ್ ಬಂದ್, ಜೊತೆಗೆ ಹಾರ್ಫ್‌ಬಜ್ ಕೂಡ. ಸದ್ದಿಲ್ಲದೆ ಬೇಸಿಕ್ ವಿಧಾನ ಬಂದು ಕೂರುತ್ತೆ.

ಅಂದರೆ ಎಡದಿಂದ ಬಲಕ್ಕೆ ಬರೆಯೋ ನಮ್ಮ ಕನ್ನಡ, ಬಲದಿಂದ ಎಡಕ್ಕೆ ಬರೆಯೋರಿಗೆ ಬೇಕಾದ ಒಂದು ಲೈಬ್ರರಿ ಸಿಗಲಿಲ್ಲ ಅನ್ನೋ ಕಾರಣಕ್ಕೆ ಒಡೆದು ಹೋಗುತ್ತೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗಾಯ್ತು.

ಪಿಲ್ಲೋ ಮಾಡಿದವರನ್ನ ದೂರೋಕೆ ಇದನ್ನ ಹೇಳ್ತಿಲ್ಲ. ಬಿಟ್ಟಿಯಾಗಿ ಕೊಟ್ಟವರು ಅವರು. ಈ ವಿಷಯವನ್ನ ತಮ್ಮ ಕೈಪಿಡಿಯಲ್ಲಿ ಬರೆದೂ ಇದ್ದಾರೆ, ರಕ್ಮ್ ಇದೆಯೋ ಇಲ್ಲವೋ ಅಂತ ಪ್ರೋಗ್ರಾಮಿನಿಂದಲೇ ಕೇಳೋಕೆ ಒಂದು ಫಂಕ್ಷನ್ನೂ ಇಟ್ಟಿದ್ದಾರೆ. ಆದರೆ ಕೈಪಿಡಿ ಓದೋರು ಎಷ್ಟು ಜನ? ಓದದವನು ಕಲಿಯೋದು ಹೇಗೆ? ಅಚ್ಚಾಗಿ ಬಂದ ಪೋಸ್ಟರು ನೋಡಿ!

ಇಲ್ಲಿಂದ ಆಪರೇಟಿಂಗ್ ಸಿಸ್ಟಂಗಳ ಕಥೆ. "ಇದೆಯಾ ನೋಡ್ಕೊಂಡು ಬಾ" ಅಂತ ಓಡಿಸಿದ ಹುಡುಗ ಒಂದೊಂದು ಊರಿನಲ್ಲಿ ಒಂದೊಂದು ಬೀದಿ ಸುತ್ತುತ್ತಾನೆ. ಹಾಗಾಗಿಯೇ "ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಬರ್ತಿದೆಯಲ್ಲ" ಅನ್ನೋ ಮಾತಿಗೆ ಬೆಲೆ ಇಲ್ಲ.

ಮೊದಲು ಲಿನಕ್ಸ್. ಡಿಎಲ್‌ಓಪನ್‌ಗೆ ಕೊಟ್ಟ ಹೆಸರಿನಲ್ಲಿ ಓರೆಗೆರೆ ಇದ್ದರೆ ಅದನ್ನ ವಿಳಾಸ ಅಂತ ತಿಳಿದು ನೇರ ಅಲ್ಲಿಗೇ ಹೋಗುತ್ತೆ. ಬರೀ ಹೆಸರು ಕೊಟ್ಟರೆ ಹುಡುಕಾಟ ಶುರು. ಪ್ರೋಗ್ರಾಮಿನೊಳಗೇ ಬರೆದಿಟ್ಟ ದಾರಿಗಳು, ಎಲ್‌ಡಿ ಲೈಬ್ರರಿ ಪಾತ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ಲಿನಲ್ಲಿ ಇರೋ ಫೋಲ್ಡರುಗಳು, ಸಿಸ್ಟಂ ಇಟ್ಟುಕೊಂಡಿರೋ ಕ್ಯಾಶ್ ಪಟ್ಟಿ, ಕೊನೆಗೆ ಲಿಬ್ ಮತ್ತು ಯುಎಸ್‌ಆರ್ ಲಿಬ್ ಫೋಲ್ಡರುಗಳು. ಗಮನಿಸಿ, ನೀವು ನಿಂತಿರೋ ಫೋಲ್ಡರನ್ನ ಅದು ತಾನಾಗಿ ನೋಡೋದೇ ಇಲ್ಲ. ಲೈಬ್ರರಿ ಫೈಲನ್ನ ಪ್ರೋಗ್ರಾಮಿನ ಪಕ್ಕದಲ್ಲೇ ತಂದಿಟ್ಟು "ಕಣ್ಣೆದುರಿಗೇ ಇದೆ, ಸಿಗ್ತಿಲ್ಲ ಅಂತಿದೆ" ಅಂತ ತಲೆ ಕೆರೆದುಕೊಳ್ಳೋ ವಿಂಡೋಸ್ ಕಡೆಯಿಂದ ಬಂದವರು ಇದನ್ನ ನೆನಪಿಟ್ಟುಕೊಳ್ಳಬೇಕು.

ಲಿನಕ್ಸಿನ ಇನ್ನೊಂದು ಗುಂಡಿ ಹೆಸರಿನಲ್ಲಿದೆ. ಲೈಬ್ರರಿಯ ಹೆಸರಿನ ಬಾಲದಲ್ಲಿ ಆವೃತ್ತಿಯ ಅಂಕಿ ಇರುತ್ತೆ, "ಲಿಬ್‌ಫ್ರಿಬಿಡಿ.ಎಸ್‌ಓ.0" ಅನ್ನೋ ಹಾಗೆ. ಅಂಕಿ ಇಲ್ಲದ ಬೋಳು "ಲಿಬ್‌ಫ್ರಿಬಿಡಿ.ಎಸ್‌ಓ" ಡೆಬಿಯನ್, ಉಬುಂಟುಗಳಲ್ಲಿ ಡೆವಲಪರುಗಳಿಗೆ ಅಂತ ಇರೋ ಬೇರೆ ಪ್ಯಾಕೇಜಿನಲ್ಲಿ ಬರುತ್ತೆ. ಪ್ರೋಗ್ರಾಂ ಬರೆದವನ ಕಂಪ್ಯೂಟರಿನಲ್ಲಿ ಎರಡೂ ಇರುತ್ತೆ. ಬಳಸೋರ ಕಂಪ್ಯೂಟರಿನಲ್ಲಿ ಅಂಕಿ ಇರೋದು ಮಾತ್ರ. ಬೋಳು ಹೆಸರನ್ನ ಕೇಳಿದ ಪ್ರೋಗ್ರಾಂ ಬರೆದವನಿಗೆ ಓಡುತ್ತೆ, ಬೇರೆ ಯಾರಿಗೂ ಓಡಲ್ಲ!

ಇನ್ನು ವಿಂಡೋಸ್. ಇದರ ಹುಡುಕಾಟ ಪ್ರೋಗ್ರಾಂ ಇರೋ ಫೋಲ್ಡರಿನಿಂದ ಶುರುವಾಗಿ, ಸಿಸ್ಟಂ ಫೋಲ್ಡರು, ವಿಂಡೋಸ್ ಫೋಲ್ಡರು, ನೀವು ನಿಂತಿರೋ ಫೋಲ್ಡರು, ಪಾತ್ ಪಟ್ಟಿಯಲ್ಲಿರೋ ಫೋಲ್ಡರುಗಳು, ಹೀಗೆ ಸಾಗುತ್ತೆ.

ಹಳೇ ಬ್ಲಾಗಿಗರಿಗೆ ಇದರ ಒಂದು ರುಚಿ ಗೊತ್ತು. ವಿಂಡೋಸ್ ಎಕ್ಸ್‌ಪಿ ಕಾಲ ನೆನಪಿದೆಯಾ? ಕನ್ನಡಕ್ಕೆ ಬೆಂಬಲ ಮತ್ತು ತುಂಗಾ ಫಾಂಟು ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಆದರೂ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಿ, ಎಕ್ಸ್‌ಪಿ ಸೀಡಿ ಹುಡುಕಿ ತೂರಿಸೋ ತನಕ ಕನ್ನಡ ಸರಿಯಾಗಿ ಮೂಡ್ತಿರಲಿಲ್ಲ. ಎಷ್ಟು ಬ್ಲಾಗುಗಳ ಪಕ್ಕದಲ್ಲಿ "ಕನ್ನಡ ಕಾಣ್ತಿಲ್ವಾ? ಇಲ್ಲಿ ಒತ್ತಿ" ಅಂತ ಇರ್ತಿತ್ತು! ಆ ಅಕ್ಷರ ಕೂರಿಸೋ ಕೆಲಸ ಮಾಡ್ತಿದ್ದದ್ದು ಯುನಿಸ್ಕ್ರೈಬ್, ಅಂದರೆ ಯುಎಸ್‌ಪಿ10 ಅನ್ನೋ ಡಿಎಲ್‌ಎಲ್ಲು. ಆಫೀಸ್ 2003 ಹಾಕಿಕೊಂಡವರಿಗೆ ಅದರ ಇನ್ನೊಂದು ಪ್ರತಿ ಆಫೀಸಿನ ಫೋಲ್ಡರಿನಲ್ಲೇ ಬರ್ತಿತ್ತು. ಹಾಗಾಗಿ ಒಂದೇ ಕಂಪ್ಯೂಟರಿನಲ್ಲಿ ವರ್ಡ್ ಒಂದು ಡಿಎಲ್‌ಎಲ್ ನಂಬಿಕೊಂಡಿದ್ದರೆ ನೋಟ್‌ಪ್ಯಾಡ್ ಇನ್ನೊಂದನ್ನ. ಭಾರತೀಯ ಭಾಷೆಗಳ ಜನ ಆಗ ಹೊಸ ಯುಎಸ್‌ಪಿ10 ಅನ್ನು ತಮಗೆ ಬೇಕಾದ ಪ್ರೋಗ್ರಾಮಿನ ಫೋಲ್ಡರಿಗೆ ನಕಲು ಮಾಡಿ ಹಾಕಿಕೊಳ್ತಿದ್ದರು. ಮಂತ್ರವಾದ ಏನಲ್ಲ ಅದು. ಪ್ರೋಗ್ರಾಂ ಇರೋ ಫೋಲ್ಡರು ಹುಡುಕಾಟದಲ್ಲಿ ಸಿಸ್ಟಂ ಫೋಲ್ಡರಿಗಿಂತ ಮುಂದಿದೆ ಅನ್ನೋ ಒಂದೇ ನಿಯಮದ ಫಲ. ಒತ್ತಕ್ಷರ ಸರಿ ಮಾಡಿಕೊಳ್ಳೋಕೆ ನಾವು ಲೋಡರಿನ ನಿಯಮ ಕಲಿತ ಜನ :-)

ಇದೇ ನಿಯಮದ ಕರಾಳ ಮುಖವೂ ಇದೆ. ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಬರೋ ತನಕ ನಿಂತಿರೋ ಫೋಲ್ಡರು ಸಿಸ್ಟಂ ಫೋಲ್ಡರಿಗಿಂತ ಮೊದಲು ಬರ್ತಿತ್ತು, ಆಮೇಲೆ ಅದನ್ನ ಹಿಂದಕ್ಕೆ ತಳ್ಳಿದರು. ಆದರೂ ಪಟ್ಟಿಯಲ್ಲಿ ಅದು ಉಳಿಯಿತಲ್ಲ? 2010ರ ಆಗಸ್ಟಿನಲ್ಲಿ ದೊಡ್ಡ ಗಲಾಟೆಯೇ ಆಯ್ತು. ನೆಟ್‌ವರ್ಕ್ ಫೋಲ್ಡರಿನಲ್ಲಿ ಒಂದು ಸಾಧಾರಣ ಫೈಲು, ಅದರ ಪಕ್ಕದಲ್ಲಿ ಒಂದು ಕಳ್ಳ ಡಿಎಲ್‌ಎಲ್. ನೀವು ಫೈಲು ತೆರೆದರೆ ಪ್ರೋಗ್ರಾಂ ಬೇರೆಲ್ಲೂ ಸಿಗದ ಡಿಎಲ್‌ಎಲ್ಲಿಗಾಗಿ ಆ ಫೋಲ್ಡರಿನಲ್ಲೂ ಹುಡುಕಿ ಕಳ್ಳನನ್ನೇ ಮನೆಯೊಳಗೆ ಕರೆದುಕೊಳ್ಳುತ್ತೆ. ಮೈಕ್ರೋಸಾಫ್ಟ್ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಯಾವ ಫೋಲ್ಡರುಗಳಲ್ಲಿ ಮಾತ್ರ ಹುಡುಕಬೇಕು ಅಂತ ಕಟ್ಟುನಿಟ್ಟಾಗಿ ಹೇಳೋ ಸೂಚನೆಗಳು ಆಮೇಲೆ ಲೋಡ್‌ಲೈಬ್ರರಿ ಇಎಕ್ಸ್ ಅನ್ನೋ ಫಂಕ್ಷನ್ನಿಗೆ ಸೇರಿದವು. 2019ರ ಪೈಥಾನ್ 3.8 ಕೂಡ ಈ ದಾರಿ ಹಿಡಿದು, ವಿಂಡೋಸಿನಲ್ಲಿ ತನ್ನ ಎಕ್ಸ್‌ಟೆನ್ಶನ್‌ಗಳಿಗೆ ಬೇಕಾದ ಡಿಎಲ್‌ಎಲ್‌ಗಳನ್ನ ಪಾತ್ ಪಟ್ಟಿಯಲ್ಲಿ ಹುಡುಕೋದನ್ನ ನಿಲ್ಲಿಸಿತು. ಬೇಕಾದ ಫೋಲ್ಡರನ್ನ ನೀವೇ ಹೆಸರಿಟ್ಟು ಸೇರಿಸಬೇಕು.

ವಿಂಡೋಸಿನ ದೊಡ್ಡ ತಲೆನೋವು ಅದರ ಮೊಟಕು ಉತ್ತರ. ಸಿಗದಿದ್ದರೆ ಒಂದು ಸಂಖ್ಯೆ ಕೊಡುತ್ತೆ: 126. "ನಿಗದಿತ ಮಾಡ್ಯೂಲ್ ಸಿಗಲಿಲ್ಲ" ಅಂತ ಅರ್ಥ. ಯಾವ ಮಾಡ್ಯೂಲು? ಹೇಳಲ್ಲ. ನೀವು ಕೇಳಿದ ಡಿಎಲ್‌ಎಲ್ ಇದ್ದು, ಅದಕ್ಕೆ ಬೇಕಾದ ಇನ್ನೊಂದು ಡಿಎಲ್‌ಎಲ್ ಇಲ್ಲದಿದ್ದರೂ ಅದೇ 126. 32 ಬಿಟ್ ಪ್ರೋಗ್ರಾಮಿಗೆ 64 ಬಿಟ್ ಡಿಎಲ್‌ಎಲ್ ಕೊಟ್ಟರೆ 193.

ಮ್ಯಾಕಿನಲ್ಲಿ ಫಂಕ್ಷನ್ನಿನ ಹೆಸರು ಲಿನಕ್ಸಿನದ್ದೇ, ಬುದ್ಧಿ ಬೇರೆ. 2015ರ ಎಲ್ ಕ್ಯಾಪಿಟಾನ್ ಆವೃತ್ತಿಯಿಂದ, ಸಿಸ್ಟಮಿನ ಸ್ವಂತ ಪ್ರೋಗ್ರಾಂಗಳನ್ನ ಹಾದು ಹೋಗುವಾಗ ಲೈಬ್ರರಿ ದಾರಿ ಹೇಳೋ ಎನ್ವಿರಾನ್ಮೆಂಟ್ ವೇರಿಯಬಲ್ಲುಗಳನ್ನ ಭದ್ರತೆಗಾಗಿ ಅಳಿಸಿಹಾಕ್ತಾರೆ. ಅಂದರೆ ಶೆಲ್ ಸ್ಕ್ರಿಪ್ಟಿನ ಮೂಲಕ ಪ್ರೋಗ್ರಾಂ ಓಡಿಸಿದರೆ ನೀವು ಹೇಳಿದ ದಾರಿ ಮಾಯ. 2020ರ ಬಿಗ್ ಸರ್ ಇನ್ನೂ ಒಂದು ಹೆಜ್ಜೆ ಮುಂದೆ. ಸಿಸ್ಟಮಿನ ಲೈಬ್ರರಿಗಳು ಬಿಡಿ ಬಿಡಿ ಫೈಲುಗಳಾಗಿ ಡಿಸ್ಕಿನಲ್ಲಿ ಇಲ್ಲವೇ ಇಲ್ಲ, ಎಲ್ಲವೂ ಒಂದು ದೊಡ್ಡ ಕ್ಯಾಶ್ ಒಳಗೆ. "ಫೈಲು ಇದೆಯಾ?" ಅಂತ ಮೊದಲು ನೋಡಿ ಆಮೇಲೆ ಲೋಡ್ ಮಾಡೋ ಪ್ರೋಗ್ರಾಂಗಳು "ಇಲ್ಲ" ಅಂತ ತೀರ್ಮಾನಿಸಿಬಿಟ್ಟವು. ನೇರವಾಗಿ ಡಿಎಲ್‌ಓಪನ್‌ಗೆ ಕೇಳಿದರೆ ಮಾತ್ರ ಸಿಗ್ತಿತ್ತು! ಪೈಥಾನಿನ ಲೈಬ್ರರಿ ಹುಡುಕೋ ಭಾಗವನ್ನೂ ಇದಕ್ಕಾಗಿ ತಿದ್ದಬೇಕಾಯ್ತು. ಅದರ ಮೇಲೆ ಆಪಲ್‌ನ ಸ್ವಂತ ಚಿಪ್ ಇರೋ ಮ್ಯಾಕುಗಳಲ್ಲಿ ಹೋಂಬ್ರೂ ತನ್ನ ಲೈಬ್ರರಿಗಳನ್ನ ಹಿಂದಿನ ಯುಎಸ್‌ಆರ್ ಲೋಕಲ್ ಫೋಲ್ಡರಿನ ಬದಲು ಆಪ್ಟ್ ಹೋಂಬ್ರೂ ಅನ್ನೋ ಫೋಲ್ಡರಿನಲ್ಲಿ ಇಡುತ್ತೆ. ಬರೀ ಹೆಸರು ಹಿಡಿದು ಹುಡುಕುವಾಗ ಮ್ಯಾಕ್ ತಾನಾಗಿ ನೋಡೋ ಜಾಗಗಳಲ್ಲಿ ಅದು ಇಲ್ಲ. ಹೀಗಾಗಿ ಲೈಬ್ರರಿ ಹಾಕಿಕೊಂಡಿದ್ದೀರಿ, ಆದರೂ ಇಲ್ಲ.

ಒಂದು ವಿಷಯದಲ್ಲಿ ಮ್ಯಾಕಿಗೆ ಭೇಷ್ ಅನ್ನಲೇಬೇಕು. ಈಗಿನ ಆವೃತ್ತಿಗಳಲ್ಲಿ ಸಿಗದಿದ್ದಾಗ ಎಲ್ಲೆಲ್ಲಿ ನೋಡಿದೆ, ಪ್ರತಿ ಕಡೆ ಏನಾಯ್ತು ಅಂತ ಪಟ್ಟಿಯನ್ನೇ ಕೊಡುತ್ತೆ. ಫೈಲು ಸಿಕ್ಕಿ ಚಿಪ್ಪಿನ ಜಾತಿ ಹೊಂದದಿದ್ದರೆ ಅದನ್ನೂ ಹೇಳುತ್ತೆ. ಹುಡುಗ ವಾಪಸ್ ಬಂದು ವರದಿ ಒಪ್ಪಿಸೋದು ಅಂದರೆ ಹೀಗೆ.

ಇನ್ನೂ ಊರುಗಳಿವೆ. ಆಂಡ್ರಾಯ್ಡ್ 2016ರ 7.0 ಆವೃತ್ತಿಯಿಂದ ಸಿಸ್ಟಮಿನ ಖಾಸಗಿ ಲೈಬ್ರರಿಗಳನ್ನ ಆಪ್‌ಗಳು ಲೋಡ್ ಮಾಡೋದಕ್ಕೆ ಬಾಗಿಲು ಹಾಕಿತು. ಲಿನಕ್ಸಿನಲ್ಲೇ ಆಲ್ಪೈನ್ ಬಳಸೋ ಮಸ್ಲ್ ಅನ್ನೋ ಸಿ ಲೈಬ್ರರಿಯಲ್ಲಿ ಡಿಎಲ್‌ಕ್ಲೋಸ್ ಅಂದರೂ ಲೈಬ್ರರಿ ಮೆಮೊರಿಯಿಂದ ಇಳಿಯೋದಿಲ್ಲ. ಲಿನಕ್ಸಿನಲ್ಲಿ ಲೋಡ್ ಮಾಡಿದ ಲೈಬ್ರರಿಯ ಹೆಸರುಗಳು ನೀವು ಬೇರೇನೂ ಹೇಳದಿದ್ದರೆ ಖಾಸಗಿ, ಮ್ಯಾಕಿನಲ್ಲಿ ಸಾರ್ವಜನಿಕ.

"ಇದಕ್ಕೆಲ್ಲ ರೆಡಿಮೇಡ್ ಪರಿಹಾರ ಇದೆಯಲ್ಲ, ಜಿಲಿಬ್, ಕ್ಯೂಟಿ, ಪೈಥಾನಿನ ಸಿಟೈಪ್ಸ್ ಬಳಸಿದರೆ ಎಲ್ಲ ಕಡೆ ಒಂದೇ ಕೋಡು" ಅಂತ ತಿಳಿದವರು ಹೇಳಬಹುದು. ಬಳಸಿ, ಬೇಡ ಅನ್ನಲ್ಲ. ಆದರೆ ಅವು ಒಂದಾಗಿಸೋದು ಫಂಕ್ಷನ್ನಿನ ಹೆಸರನ್ನ. ಹುಡುಕಾಟದ ನಿಯಮಗಳನ್ನ ಅಲ್ಲ. ಮೇಲೆ ಒಂದೇ ಬೋರ್ಡು ಹಾಕಿದ ಮಾತ್ರಕ್ಕೆ ಒಳಗಿನ ಅಡುಗೆಮನೆ ಒಂದೇ ಆಗಲ್ಲ.

ಮೌನದ ಇನ್ನೊಂದು ರೂಪವನ್ನೂ ಹೇಳಿಬಿಡ್ತೀನಿ. ರನ್‌ಟೈಮಿನಲ್ಲಿ ತರಿಸೋ ಲೈಬ್ರರಿ ಯಾವ ಪಟ್ಟಿಯಲ್ಲೂ ಕಾಣಲ್ಲ. ಲಿನಕ್ಸಿನಲ್ಲಿ ಎಲ್‌ಡಿಡಿ ಕಮಾಂಡ್ ಹಾಕಿ "ಈ ಪ್ರೋಗ್ರಾಮಿಗೆ ಏನೇನು ಬೇಕು" ಅಂತ ಕೇಳಿದರೆ ಮುಂಚೆ ಬರೆದಿಟ್ಟ ಪಟ್ಟಿ ಮಾತ್ರ ಬರುತ್ತೆ. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಹಿಂಬಾಗಿಲಿನ ಪ್ರಕರಣ ಬಯಲಾದದ್ದು ನೆನಪಿರಬಹುದು. ಫೈಲು ಕುಗ್ಗಿಸೋ ಒಂದು ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳ ಕೋಡು ತೂರಿಸಿದ್ದರು. ಕೆಲವು ಲಿನಕ್ಸುಗಳಲ್ಲಿ ಆ ಲೈಬ್ರರಿ ಸಿಸ್ಟಂಡಿಯ ಬೆನ್ನೇರಿ ಎಸ್‌ಎಸ್‌ಎಚ್ ಸರ್ವರಿನ ಒಳಗೆ ಹೋಗಿ ಕೂತಿತ್ತು, ಅಲ್ಲಿ ಅದಕ್ಕೆ ಕೆಲಸವೇ ಇಲ್ಲದಿದ್ದರೂ. ಇಂಥ ಲೈಬ್ರರಿಗಳನ್ನ ಬೇಕಾದಾಗ ಮಾತ್ರ ಡಿಎಲ್‌ಓಪನ್ ಮಾಡೋ ದಾರಿಗೆ ಸಿಸ್ಟಂಡಿಯವರು ಹೊರಳಿದರು. ಒಳ್ಳೇ ತೀರ್ಮಾನ. ನನಗೆ ಅದಕ್ಕಿಂತ ಇಷ್ಟ ಆದದ್ದು ಅದರ ಜೊತೆ ಮಾಡಿದ ಇನ್ನೊಂದು ಕೆಲಸ. ರನ್‌ಟೈಮಿನಲ್ಲಿ ಏನೇನು ತರಿಸಬಹುದು ಅನ್ನೋ ಟಿಪ್ಪಣಿಯನ್ನ ಪ್ರೋಗ್ರಾಮಿನ ಫೈಲಿನೊಳಗೇ ಬರೆದಿಡೋ ಪದ್ಧತಿ ತಂದರು, ಪ್ಯಾಕೇಜು ಮಾಡೋರು ಓದಿಕೊಳ್ಳಲಿ ಅಂತ. ತರಿಸೋದಾದರೆ ಹೇಳಿ ತರಿಸು. ಇಷ್ಟೇ ನಾನೂ ಕೇಳ್ತಿರೋದು.

ಈಗ ನನ್ನ ಬೇಡಿಕೆಗಳು, ಒಂದೊಂದಾಗಿ.

1. ಲೈಬ್ರರಿಯ ಹೆಸರನ್ನ ಆವೃತ್ತಿಯ ಅಂಕಿ ಸಮೇತ ಕೇಳಿ. ಆಯಾ ಆಪರೇಟಿಂಗ್ ಸಿಸ್ಟಂಗೆ ಆಯಾ ಹೆಸರುಗಳ ಪಟ್ಟಿ ಇಟ್ಟುಕೊಳ್ಳಿ.

2. ನೀವೇ ಜೊತೆಗೆ ಕೊಟ್ಟ ಲೈಬ್ರರಿಯಾದರೆ ಪೂರ್ತಿ ವಿಳಾಸ ಹೇಳಿ ತರಿಸಿ. ನಿಮ್ಮ ಪ್ರೋಗ್ರಾಂ ಇರೋ ಜಾಗದಿಂದ ಲೆಕ್ಕ ಹಾಕಿ ವಿಳಾಸ ಹೇಳೋ ಸೌಲಭ್ಯ ಮೂರೂ ಕಡೆ ಇದೆ. ಬೀದಿ ಬೀದಿ ಹುಡುಕಿಸಿದರೆ ಕಳ್ಳನೂ ಸಿಗಬಹುದು.

3. ಫೈಲು ಇದೆಯಾ ಅಂತ ಇಣುಕಿ ನೋಡಿ ತೀರ್ಮಾನ ಮಾಡಬೇಡಿ. ಲೋಡ್ ಮಾಡಿ ನೋಡಿ, ಲೋಡರ್ ಹೇಳಿದ್ದನ್ನ ನಂಬಿ.

4. ಸಿಗದಿದ್ದರೆ ಮೂರು ವಿಷಯ ಹೇಳಿ: ಏನನ್ನ ಹುಡುಕಿದಿರಿ, ಯಾವ ಯಾವ ಹೆಸರಿನಲ್ಲಿ ಹುಡುಕಿದಿರಿ, ಆಪರೇಟಿಂಗ್ ಸಿಸ್ಟಂ ಏನಂತು. ಬರೀ 126 ಅಂತ ಹೇಳಿ ಕೈತೊಳೆದುಕೊಳ್ಳಬೇಡಿ.

5. ಬದಲಿ ವಿಧಾನದಿಂದ ಕೆಲಸ ನಿಧಾನ ಆಗೋದಷ್ಟೇ ಆದರೆ ಸುಮ್ಮನಿದ್ದರೂ ನಡೆಯುತ್ತೆ. ಬರೋ ಫಲವೇ ತಪ್ಪಾಗೋದಾದರೆ ನಿಲ್ಲಿಸಿ, ಬಳಸೋನನ್ನ ಕೇಳಿ.

ಐದನೆಯದೇ ಎಲ್ಲಕ್ಕಿಂತ ಮುಖ್ಯ. ವೇಗದ ಲೈಬ್ರರಿ ಸಿಗದೆ ನಿಧಾನದ್ದು ಬಳಸಿದರೆ ಉತ್ತರ ಅದೇ, ಸ್ವಲ್ಪ ತಡ. ಒತ್ತಕ್ಷರ ಕೂರಿಸೋ ಲೈಬ್ರರಿ ಸಿಗದೆ ಬೇಸಿಕ್ ಬಳಸಿದರೆ ಉತ್ತರವೇ ತಪ್ಪು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋ ಪ್ರೋಗ್ರಾಂ, ತನ್ನನ್ನ ಬಳಸೋರೆಲ್ಲ ಇಂಗ್ಲಿಷಿನವರು ಅಂತ ಅಂದುಕೊಂಡಿದೆ ಅಂತಲೇ ಲೆಕ್ಕ.

ಎದುರುವಾದಗಳು ಗೊತ್ತು. "ಏನೂ ಬರದೇ ಇರೋದಕ್ಕಿಂತ ಒಡೆದ ಅಕ್ಷರ ಬಂದರೂ ಪರವಾಗಿಲ್ಲ ಅಲ್ವಾ?" ಪರದೆಯ ಮೇಲೆ ಓದೋಕಾದರೆ ಇರಲಿ ಅನ್ನಬಹುದೇನೋ. ಆದರೆ ಪ್ರಮಾಣಪತ್ರದಲ್ಲಿ ಒಬ್ಬರ ಹೆಸರು ಒಡೆದು ಅಚ್ಚಾದರೆ? ಐನೂರು ಪ್ರತಿ ತೆಗೆದ ಮೇಲೆ ಗೊತ್ತಾದರೆ? ಏನೂ ಬರದಿದ್ದರೆ ಜನ ಕಾರಣ ಹುಡುಕ್ತಾರೆ, ಹತ್ತು ನಿಮಿಷದಲ್ಲಿ ಸರಿ ಮಾಡ್ತಾರೆ. ಒಡೆದು ಬಂದರೆ "ಕನ್ನಡ ಅಂದರೆ ಇಷ್ಟೇ" ಅಂತ ಒಪ್ಪಿಕೊಳ್ತಾರೆ. ನನಗೆ ಸಂಕಟ ಆಗೋದು ಈ ಒಪ್ಪಿಕೊಳ್ಳೋದರಿಂದ. ಹೀಗೆ ಒಪ್ಪಿಕೊಂಡೇ ಎಷ್ಟು ಜನ ಕನ್ನಡವನ್ನ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯೋಕೆ ಶುರು ಮಾಡಿಲ್ಲ ಹೇಳಿ?

"ಎಲ್ಲ ಲೈಬ್ರರಿಯನ್ನೂ ಪ್ರೋಗ್ರಾಮಿನೊಳಗೇ ಬೆಸೆದುಬಿಡಿ, ರಗಳೆಯೇ ಬೇಡ" ಅನ್ನೋದು ಇನ್ನೊಂದು ವಾದ. ಸಣ್ಣ ಪ್ರೋಗ್ರಾಮಿಗೆ ಸರಿಯೇ. ಆದರೆ ಒಂದು ಲೈಬ್ರರಿಯಲ್ಲಿ ಭದ್ರತೆಯ ತೂತು ಸಿಕ್ಕಾಗ, ಹಂಚಿಕೊಂಡಿದ್ದರೆ ಒಂದು ಕಡೆ ಹೊಲಿದರೆ ಸಾಕು, ಬೆಸೆದಿದ್ದರೆ ಪ್ರತಿ ಪ್ರೋಗ್ರಾಮನ್ನೂ ಹೊಸದಾಗಿ ಕಟ್ಟಬೇಕು. ಪ್ಲಗಿನ್, ಗ್ರಾಫಿಕ್ಸ್ ಡ್ರೈವರುಗಳನ್ನಂತೂ ಮುಂಚೆಯೇ ಬೆಸೆಯೋಕೆ ಆಗೋದೇ ಇಲ್ಲ. ಅಂದರೆ ಹುಡುಗನನ್ನ ಓಡಿಸೋದು ತಪ್ಪಲ್ಲ.

ಪ್ರೋಗ್ರಾಂ ಬರೆಯದ ನಾವೇನು ಮಾಡಬಹುದು? ಕನ್ನಡ ಒಡೆದು ಕಂಡಾಗ ಫಾಂಟು ಬದಲಿಸೋದಕ್ಕೆ ಮುಂಚೆ ಅದೇ ಸಾಲನ್ನ ಅದೇ ಫಾಂಟಿನಲ್ಲಿ ಬ್ರೌಸರಿನಲ್ಲಿ ನೋಡಿ. ಅಲ್ಲಿ ಸರಿ ಇದ್ದರೆ ಫಾಂಟು ನಿರಪರಾಧಿ. ಪಿಲ್ಲೋ ಬಳಸೋರು ಪೋಸ್ಟರು ಮಾಡೋ ಮುಂಚೆ ರಕ್ಮ್ ಇದೆಯಾ ಅಂತ ಒಂದು ಸಾಲಿನಲ್ಲಿ ಕೇಳಿಕೊಳ್ಳಿ. ಇನ್ನೂ ಒಂದು ಉಪಾಯ ಇದೆ. ಅಕ್ಷರ ಬರೆಯೋ ಫಂಕ್ಷನ್ನಿಗೆ ಭಾಷೆ ಕನ್ನಡ ಅಂತ ಸೂಚನೆ ಕೊಟ್ಟುಬಿಡಿ. ರಕ್ಮ್ ಇಲ್ಲದಿದ್ದರೆ ಪಿಲ್ಲೋ ಆಗ ಸುಮ್ಮನಿರಲ್ಲ, ರಕ್ಮ್ ಇಲ್ಲದೆ ಇದು ಆಗಲ್ಲ ಅಂತ ಎರರ್ ಕೊಟ್ಟು ನಿಲ್ಲುತ್ತೆ. ನೋಡಿ, ಬಾಯಿ ಇದೆ ಅದಕ್ಕೆ. ಕೇಳೋ ರೀತಿಯಲ್ಲಿ ಕೇಳಬೇಕು!

ಲಿನಕ್ಸ್ ಬಳಸೋರಿಗೆ ಎಲ್‌ಡಿ ಡಿಬಗ್ ಅನ್ನೋ ವೇರಿಯಬಲ್ಲಿಗೆ ಲಿಬ್ಸ್ ಅಂತ ಕೊಟ್ಟು ಪ್ರೋಗ್ರಾಂ ಓಡಿಸಿದರೆ ಲೋಡರ್ ಎಲ್ಲೆಲ್ಲಿ ಹುಡುಕ್ತಿದೆ ಅನ್ನೋದೆಲ್ಲ ಪರದೆಯ ಮೇಲೆ ಬರುತ್ತೆ. ವಿಂಡೋಸಿನಲ್ಲಿ ಪ್ರೋಸೆಸ್ ಮಾನಿಟರ್ ಅನ್ನೋ ಉಚಿತ ಸಲಕರಣೆ ಅದೇ ಕೆಲಸ ಮಾಡುತ್ತೆ. ಆ ವಿವರ ಸಮೇತ ತಂತ್ರಾಂಶ ಮಾಡಿದವರಿಗೆ ಬರೆಯಿರಿ. "ಕನ್ನಡ ಸರಿ ಬರ್ತಿಲ್ಲ" ಅಂತ ಬರೆದರೆ ಅವರು ಏನು ಮಾಡಿಯಾರು? "ಈ ಲೈಬ್ರರಿ ಸಿಗಲಿಲ್ಲ, ನಿಮ್ಮ ಪ್ರೋಗ್ರಾಂ ಹೇಳಲಿಲ್ಲ, ಅದರಿಂದ ನನ್ನ ಭಾಷೆ ಒಡೆಯಿತು" ಅಂತ ಬರೆದರೆ ತಿದ್ದೋಕೆ ಅವರಿಗೂ ದಾರಿ ಕಾಣುತ್ತೆ.

ಒತ್ತಕ್ಷರ ಒಡೆದದ್ದನ್ನ ಕಂಡೂ ಸುಮ್ಮನಿದ್ದರೆ ನಾವೂ ಆ ಪ್ರೋಗ್ರಾಮಿನ ಹಾಗೇ ಅಲ್ವಾ?